ಯಾರ ನಾಲಿಗೆ ಮೈಲಿಗೆ?

ಜಡಿಗೇನಹಳ್ಳಿ ಹೋಬಳಿಯ ಒಂದು ಶಾಲೆಗೆ ನಾವು ನಾಲ್ಕು ಜನ ಹೋಗಿದ್ದೆವು. ಮೇಷ್ಟ್ರುಗಳ ಜೊತೆ ಮಾತಾಡಿ, ಮಕ್ಕಳ ಓದು ಹೇಗೆ ನಡೆದಿದೆ ಅಂತ ನೋಡಿಕೊಂಡು ಬರೋಣ ಅನ್ನೋದಷ್ಟೇ ಉದ್ದೇಶ. ಏಳನೇ ಕ್ಲಾಸಿನಲ್ಲಿ ಒಬ್ಬ ಹುಡುಗಿ ಎದ್ದು ನಿಂತು ಇಂಗ್ಲಿಷ್ ಪಾಠ ಓದಿದಳು. ಕೂಲಿಯವರ ಮಗಳು. ಎಲ್ಲೂ ತಡವರಿಸಲಿಲ್ಲ. ಆದರೆ ಅವಳ ಬಾಯಲ್ಲಿ 'ಹೌಸ್' ಅನ್ನೋದು 'ಅವುಸ್' ಆಯಿತು. 'ಹ್ಯಾಂಡ್' 'ಆಂಡ್' ಆಯಿತು. 'ಹಿ' ಬರೀ 'ಇ' ಆಯಿತು. ಹಿಂದಿನ ಬೆಂಚಿನಲ್ಲಿ ನಗು ಶುರುವಾಗಿ ಮುಂದಿನ ಬೆಂಚಿಗೆ ಬಂತು. ಮೇಷ್ಟ್ರೂ ನಕ್ಕರು. ನಿಜ ಹೇಳಬೇಕು, ನಾವೂ ನಕ್ಕೆವು. ಹುಡುಗಿ ಪುಸ್ತಕ ಮಡಿಚಿ ಕೂತಳು. ಆಮೇಲೆ ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ.

ಹೊಸಕೋಟೆಗೆ ವಾಪಸು ಬರುವಾಗ ಬಸ್ಸಿನಲ್ಲಿ ನಮಗೆ ನಮ್ಮ ನಗುವಿನದೇ ಯೋಚನೆ. ಅಷ್ಟು ಸಲೀಸಾಗಿ ನಮ್ಮೊಳಗಿಂದ ಎದ್ದು ಬಂದ ಆ ನಗು ಯಾರದು? ಒಬ್ಬರ ಉಚ್ಚಾರವನ್ನು 'ತಪ್ಪು' ಅನ್ನೋದು ಬರೀ ಭಾಷೆಯ ಮಾತೋ, ಅಥವಾ ನ್ಯಾಯ ಅನ್ಯಾಯದ ಮಾತೋ? ಈ ಬರಹ ಆ ಪ್ರಶ್ನೆಯನ್ನು ಬಿಡಿಸಿಕೊಳ್ಳುವ ಪ್ರಯತ್ನ.

ಮೊದಲು ಆ ಹುಡುಗಿ ಎಲ್ಲಿ 'ತಪ್ಪಿದಳು' ಅಂತ ನೋಡೋಣ. ನಮ್ಮ ಸೀಮೆಯ ಹಳ್ಳಿಗಳಲ್ಲಿ ಹಾಲು ಆಲು, ಹಸು ಅಸು, ಹಟ್ಟಿ ಅಟ್ಟಿ, ಹೊಲ ವಲ. ಇದು ಒಂದು ಜಾತಿಯ ಮಾತಲ್ಲ, ದುಡಿಯುವ ಬಹುಪಾಲು ಜನರ ಮಾತು. ಶಾಲೆಗೆ ಹೋದ ಮೊದಲ ದಿನದಿಂದ ಈ ನಾಲಿಗೆಗೆ ಬೈಗುಳ ಶುರು. ಬೈಸಿಕೊಂಡ ಮಗು ಹೆದರಿ, ಬೇಡದ ಕಡೆಯೂ ಹಕಾರ ಹಚ್ಚುತ್ತದೆ. ಆನೆ ಹಾನೆಯಾಗುತ್ತದೆ. ಅತಿಥಿಗಳನ್ನು 'ಹಾದರದಿಂದ' ಸ್ವಾಗತಿಸಿದ ಹಳ್ಳಿಯ ಭಾಷಣಕಾರನ ಜೋಕನ್ನು ಕೇಳದವರು ಯಾರಿದ್ದಾರೆ? ಸಭೆಗಳಲ್ಲಿ ಅದನ್ನು ಹೇಳಿ ಚಪ್ಪಾಳೆ ಗಿಟ್ಟಿಸುತ್ತಾರೆ. ಆ ಜೋಕಿನ ಒಳಗಿರೋದು ದಡ್ಡತನವಲ್ಲ, ಭಯ. ಹಕಾರ ಬಿಟ್ಟರೆ ನಗುತ್ತಾರೆ ಅಂತ ಅಂಜಿದವನು ಹಕಾರ ಹಾಕಿಯೂ ನಗೆಗೀಡಾದ. ಎರಡೂ ಕಡೆ ಕೋಲು ಅವರ ಕೈಯಲ್ಲೇ ಇದೆ.

ಈಗ ಇತಿಹಾಸ ನೋಡಿ. ಪಂಪ 941ರಲ್ಲಿ ಬರೆದಾಗ ಕನ್ನಡದಲ್ಲಿ ಹಾಲು ಇರಲಿಲ್ಲ, ಪಾಲ್ ಇತ್ತು. ಹುಲಿ ಇರಲಿಲ್ಲ, ಪುಲಿ ಇತ್ತು. ಹೂವು ಪೂ ಆಗಿತ್ತು. ಹತ್ತನೇ ಶತಮಾನದ ಆಚೀಚೆ ಶುರುವಾಗಿ ಮುಂದಿನ ಕೆಲವು ಶತಮಾನಗಳಲ್ಲಿ ಪಕಾರ ಜಾರಿ ಹಕಾರವಾಯಿತು. ಅಂದರೆ ಇವತ್ತು ನಾವು ಶುದ್ಧ ಅಂತ ಎದೆಗವಚಿಕೊಂಡಿರುವ 'ಹಾಲು' ಒಂದು ಕಾಲದ ಪಂಡಿತರ ಕಿವಿಗೆ ಕೆಟ್ಟ ಉಚ್ಚಾರವೇ ಆಗಿದ್ದಿರಬೇಕು. ಪಾಲು ಹಾಲಾಯಿತು, ಹಾಲು ಆಲಾಗುತ್ತಿದೆ. ದಾರಿ ಒಂದೇ. ಮೊದಲ ಹೆಜ್ಜೆಗೆ ವ್ಯಾಕರಣ ಅಂತ ಹೆಸರು, ಎರಡನೇ ಹೆಜ್ಜೆಗೆ ಗಮಾರತನ ಅಂತ ಹೆಸರು. ಱ ಮತ್ತು ೞ ಎಂಬ ಎರಡು ಅಕ್ಷರಗಳು ಕನ್ನಡದಿಂದ ಪೂರಾ ಅಳಿದುಹೋದವು. ಅವನ್ನು ಉಚ್ಚರಿಸಲು ಬಾರದ ವಿದ್ವಾಂಸರನ್ನು ನೋಡಿ ಯಾರೂ ನಗಲಿಲ್ಲ. ಯಾಕೆಂದರೆ ಅವು ವಿದ್ವಾಂಸರ ಬಾಯಿಂದಲೂ ಹೋಗಿದ್ದವು. ಎಲ್ಲರೂ ಬಿಟ್ಟರೆ ಅದು ಬದಲಾವಣೆ. ಬಡವರು ಮಾತ್ರ ಬಿಟ್ಟರೆ ಅದು ತಪ್ಪು.

ಇಂಗ್ಲಿಷು ಬೇರೆ, ಅದಕ್ಕೆ ಅಲ್ಲಿನವರದೇ ಒಂದು ಸರಿಯಾದ ಉಚ್ಚಾರ ಇದೆಯಲ್ಲ ಅಂತ ಕೆಲವರು ಕೇಳಬಹುದು. ಸರಿ, ಅಲ್ಲಿಗೇ ಹೋಗೋಣ. ಲಂಡನ್ನಿನ ಪೂರ್ವದ ಕೇರಿಗಳಲ್ಲಿ, ಹಡಗುಕಟ್ಟೆಯ ಹಮಾಲರು, ಬೀದಿ ವ್ಯಾಪಾರಿಗಳು, ಕಾರ್ಖಾನೆ ಕೂಲಿಗಳು ಆಡುವ ಇಂಗ್ಲಿಷಿಗೆ ಕಾಕ್ನಿ ಅಂತ ಹೆಸರು. ಆ ಮಾತಿನಲ್ಲಿ 'ಹೌಸ್'ಗೆ ಹಕಾರ ಇಲ್ಲ. 'ಹ್ಯಾಂಡ್'ಗೂ ಇಲ್ಲ. ಇಂಗ್ಲೆಂಡಿನ ಬಹಳಷ್ಟು ಊರುಗಳ ದುಡಿಯುವ ಜನರ ಮಾತಿನಲ್ಲೂ ಇಲ್ಲ. ಜಡಿಗೇನಹಳ್ಳಿ ಹೋಬಳಿಯ ಆ ಹುಡುಗಿ ಎಲ್ಲಿ ಹಕಾರ ಬಿಟ್ಟಳೋ ಅಲ್ಲೇ ಲಂಡನ್ನಿನ ಹಮಾಲನ ಮಗಳೂ ಬಿಡುತ್ತಾಳೆ. ಅಲ್ಲೂ ಮೇಷ್ಟ್ರುಗಳು ಬೈದರು, ಅಲ್ಲೂ ಮಕ್ಕಳು ಹೆದರಿ ಬೇಡದ ಕಡೆ ಹಕಾರ ಹಚ್ಚಿದರು, ಅಲ್ಲೂ ಅದರ ಮೇಲೆ ಜೋಕುಗಳು ಹುಟ್ಟಿದವು. ಇಷ್ಟೂ ಆಗುವಾಗ 'ಅವರ್', 'ಆನರ್', 'ಆನೆಸ್ಟ್' ಎಂಬ ಮಾತುಗಳಲ್ಲಿ ಬರೆದ ಹಕಾರವನ್ನು ಸಾಹೇಬರೂ ನುಂಗುತ್ತಾರೆ. ಸಾಹೇಬ ನುಂಗಿದರೆ ನಿಯಮ, ಹಮಾಲ ನುಂಗಿದರೆ ಅಸಭ್ಯತೆ.

ಬರ್ನಾರ್ಡ್ ಷಾ 1913ರಲ್ಲಿ ರಂಗಕ್ಕೆ ತಂದ 'ಪಿಗ್ಮೇಲಿಯನ್' ನಾಟಕದ ವಸ್ತು ಇದೇ. ಹೂ ಮಾರುವ ಹುಡುಗಿಯ ಉಚ್ಚಾರ ತಿದ್ದಿ ಅವಳನ್ನು ದೊಡ್ಡ ಮನೆತನದವಳ ಹಾಗೆ ತೋರಿಸುತ್ತೇನೆ ಅಂತ ಒಬ್ಬ ಪಂಡಿತ ಪಂಥ ಕಟ್ಟುತ್ತಾನೆ. ಗೆಲ್ಲುತ್ತಾನೆ ಕೂಡ. ಗೆದ್ದ ಮೇಲೆ ಆ ಹುಡುಗಿ ಎಲ್ಲಿಗೆ ಸೇರಿದವಳು ಎಂಬ ಪ್ರಶ್ನೆಗೆ ಅವನ ಹತ್ತಿರ ಉತ್ತರ ಇಲ್ಲ. ಕೇರಿ ಬಿಟ್ಟು ಪಟ್ಟಣ ಸೇರಿ, ನಾಲಿಗೆ ತಿದ್ದಿಕೊಂಡು, ಹಬ್ಬಕ್ಕೆ ಊರಿಗೆ ಬಂದಾಗ ಅವ್ವನ ಜೊತೆ ಯಾವ ಮಾತಿನಲ್ಲಿ ಮಾತಾಡಬೇಕು ಅಂತ ತಡವರಿಸುವ ನಮ್ಮ ಗೆಳೆಯರಿಗೆ ಈ ಪ್ರಶ್ನೆ ಹೊಸದಲ್ಲ.

ಹಾಗಾದರೆ ಆ 'ಸರಿಯಾದ' ಉಚ್ಚಾರ ಯಾರದು? ಡೇನಿಯಲ್ ಜೋನ್ಸ್ ಎಂಬ ಧ್ವನಿಶಾಸ್ತ್ರಜ್ಞ 1917ರಲ್ಲಿ ಇಂಗ್ಲಿಷ್ ಉಚ್ಚಾರದ ನಿಘಂಟು ತಂದ. ಅದು ಜಗತ್ತಿನ ಶಾಲೆಗಳಿಗೆಲ್ಲ ಅಳತೆಗೋಲಾಯಿತು. ಆ ಅಳತೆ ಯಾರ ಬಾಯಿಂದ ಬಂತು ಅನ್ನೋದನ್ನು ಅವನೇ ಮುಚ್ಚಿಡದೆ ಬರೆದ. ದಕ್ಷಿಣ ಇಂಗ್ಲೆಂಡಿನ ಯಾವ ಮನೆತನಗಳ ಗಂಡಸರು ಹೆಸರಾಂತ ವಸತಿ ಶಾಲೆಗಳಲ್ಲಿ ಓದಿದರೋ ಆ ಮನೆಗಳ ಉಚ್ಚಾರ ಅದು. ಆ ಶಾಲೆಗಳು ಶ್ರೀಮಂತರ ಶಾಲೆಗಳು. ಈ ಉಚ್ಚಾರ ಆಡುವವರು ಬ್ರಿಟನ್ನಿನಲ್ಲೇ ನೂರಕ್ಕೆ ಮೂರು ಜನ ಇರಬಹುದು ಅಂತ ಪೀಟರ್ ಟ್ರಡ್‌ಗಿಲ್ ಎಂಬ ಭಾಷಾವಿಜ್ಞಾನಿ 1970ರ ದಶಕದಲ್ಲಿ ಅಂದಾಜು ಮಾಡಿದರು. ಮಿಕ್ಕ ತೊಂಬತ್ತೇಳು ಜನರ ಇಂಗ್ಲಿಷಿಗೆ ಊರೂರಿಗೆ ಒಂದೊಂದು ಬಣ್ಣ. ಉತ್ತರ ಇಂಗ್ಲೆಂಡಿನವರು 'ಬಸ್' ಅನ್ನೋದನ್ನು ಹೆಚ್ಚುಕಡಿಮೆ 'ಬುಸ್' ಅಂತಾರೆ. ಸ್ಕಾಟ್ಲೆಂಡಿನವರು ನಮ್ಮ ಹಾಗೇ ರೇಫವನ್ನು ಬಿಡದೆ ನುಡಿಯುತ್ತಾರೆ. ಎರಡನೇ ಮಹಾಯುದ್ಧದ ವೇಳೆ, 1941ರಲ್ಲಿ, ಯಾರ್ಕ್‌ಷೈರಿನ ವಿಲ್ಫ್ರೆಡ್ ಪಿಕಲ್ಸ್ ತಮ್ಮ ಊರಿನ ಧಾಟಿಯಲ್ಲಿ ಬಿ.ಬಿ.ಸಿ. ವಾರ್ತೆ ಓದಿದಾಗ ಕೇಳುಗರಿಂದ ಆಕ್ಷೇಪಣೆಗಳು ಬಂದವು. ಸುದ್ದಿ ಅದೇ, ಯುದ್ಧ ಅದೇ, ದೇಶ ಅದೇ. ನಾಲಿಗೆ ಮಾತ್ರ ಬೇರೆ ವರ್ಗದ್ದು.

ಇನ್ನೊಂದು ಸಂಗತಿ ಕೇಳಿ. ಲಂಡನ್ನಿನ ಮೇಲ್ವರ್ಗದವರು 'ಕಾರ್' ಅನ್ನುವಾಗ ಕೊನೆಯ ರಕಾರ ನುಡಿಯುವುದಿಲ್ಲ. ನುಡಿಯದಿರುವುದೇ ಅಲ್ಲಿ ದೊಡ್ಡಸ್ತಿಕೆ. ನ್ಯೂಯಾರ್ಕಿನಲ್ಲಿ ಇದು ತಲೆಕೆಳಗು. ವಿಲಿಯಂ ಲಬೋವ್ 1962ರಲ್ಲಿ ಅಲ್ಲಿನ ಮೂರು ದೊಡ್ಡ ಅಂಗಡಿಗಳಿಗೆ ಹೋಗಿ, ನಾಲ್ಕನೇ ಮಹಡಿಯಲ್ಲಿ ಸಿಗುವ ಸಾಮಾನು ಎಲ್ಲಿದೆ ಅಂತ ಕೇಳಿ, ನೌಕರರು 'ನಾಲ್ಕನೇ ಮಹಡಿ' ಅನ್ನೋದನ್ನು ಇಂಗ್ಲಿಷಿನಲ್ಲಿ ಹೇಗೆ ನುಡಿಯುತ್ತಾರೆ ಅಂತ ಗುರುತು ಹಾಕಿಕೊಂಡರು. ಶ್ರೀಮಂತರ ಅಂಗಡಿಯ ನೌಕರರು ರಕಾರವನ್ನು ಹೆಚ್ಚು ನುಡಿದರು, ಬಡವರ ಅಂಗಡಿಯವರು ಬಹಳ ಕಡಿಮೆ. ಒಂದೇ ರಕಾರ. ಒಂದು ಊರಲ್ಲಿ ಅದನ್ನು ಬಿಟ್ಟವನು ದೊಡ್ಡವನು, ಇನ್ನೊಂದು ಊರಲ್ಲಿ ಬಿಟ್ಟವನು ಸಣ್ಣವನು. ಇದರಿಂದ ಏನು ತಿಳಿಯುತ್ತದೆ? ಶುದ್ಧಿ ಅನ್ನೋದು ಧ್ವನಿಯಲ್ಲಿ ಇಲ್ಲ. ಅದನ್ನು ಆಡುವವನು ಎಲ್ಲಿ ಕೂತಿದ್ದಾನೆ ಅನ್ನೋದರಲ್ಲಿ ಇದೆ.

ಕೂತ ಜಾಗದಿಂದ ಮಾತಿನ ಶುದ್ಧಿಯನ್ನು ಅಳೆಯುವ ಕೆಲಸ ನಮ್ಮ ದೇಶಕ್ಕೆ ಇಂಗ್ಲಿಷರು ಕಲಿಸಿದ್ದಲ್ಲ. ಅದು ನಮ್ಮಲ್ಲಿ ಮೊದಲೇ ಇತ್ತು. ಸ್ವರ ತಪ್ಪಾಗಿ ಮಂತ್ರ ಹೇಳಿದ್ದರಿಂದ ವೃತ್ರನೇ ಇಂದ್ರನ ಕೈಲಿ ಸತ್ತ ಎಂಬ ಕಥೆಯನ್ನು ಪುರೋಹಿತಶಾಹಿ ಸಾವಿರಾರು ವರ್ಷಗಳಿಂದ ಹೇಳಿಕೊಂಡು ಬಂದಿದೆ. ಪತಂಜಲಿಯ ಮಹಾಭಾಷ್ಯದಲ್ಲಿ ಅಸುರರು ರಕಾರದ ಜಾಗದಲ್ಲಿ ಲಕಾರ ಆಡಿ ಸೋತರು ಎಂಬ ಮಾತಿದೆ. ಹಾಗೆ ಆಡುವುದೇ ಮ್ಲೇಚ್ಛತನ ಎಂಬ ವಿವರಣೆ ಅದರ ಜೊತೆಗೇ ಇದೆ. ಗೌತಮ ಧರ್ಮಸೂತ್ರ ಇನ್ನೂ ಮುಂದೆ ಹೋಗುತ್ತದೆ. ವೇದ ಕೇಳಿದ ಶೂದ್ರನ ಕಿವಿಗೆ ಕಾದ ಸೀಸ, ಅರಗು. ಉಚ್ಚರಿಸಿದರೆ ನಾಲಿಗೆ ಕತ್ತರಿಸಬೇಕು. ಮೊದಲು ಮಾತು ಕಲಿಯಲು ಬಿಡಬೇಡ, ಆಮೇಲೆ ಅದನ್ನು ಆಡಲು ಬರುವುದಿಲ್ಲ ಅಂತ ನಗು. ಇದೇ ಆ ವ್ಯವಸ್ಥೆಯ ಹುನ್ನಾರ. ಇವತ್ತು ಸೀಸ ಇಲ್ಲ, ಕತ್ತಿ ಇಲ್ಲ. ನಗು ಇದೆ. ಬಾಯಿ ಮುಚ್ಚಿಸುವ ಕೆಲಸವನ್ನು ಅದು ಚೆನ್ನಾಗಿಯೇ ಮಾಡುತ್ತದೆ.

ಬೈಬಲ್ಲಿನಲ್ಲೂ ಅಂಥದೊಂದು ಕಥೆ ಇದೆ. ಸೋತು ಓಡಿಹೋಗುತ್ತಿದ್ದ ಎಫ್ರಾಯೀಮಿನವರನ್ನು ಯೊರ್ದನ್ ನದಿಯ ದಾಟಿನಲ್ಲಿ ಹಿಡಿದು, 'ಶಿಬ್ಬೋಲೆತ್' ಎಂಬ ಮಾತು ಹೇಳಿಸಿದರಂತೆ. ಶಕಾರ ಬಾರದೆ 'ಸಿಬ್ಬೋಲೆತ್' ಅಂದವರನ್ನು ಅಲ್ಲೇ ಕಡಿದರಂತೆ. ಸತ್ತವರು 42,000 ಎಂಬ ಲೆಕ್ಕ ಅಲ್ಲಿದೆ. 'ಶಾಲೆ'ಯನ್ನು 'ಸಾಲೆ' ಅನ್ನುವ ನಮ್ಮ ಜನ ಆ ನದಿಯ ದಡದಲ್ಲಿ ಇದ್ದಿದ್ದರೆ ಒಬ್ಬರೂ ಬದುಕುತ್ತಿರಲಿಲ್ಲ. ಆ ನದಿ ದೂರ ಇಲ್ಲ ಗೆಳೆಯರೇ. ಸಂದರ್ಶನದ ಕೋಣೆಯ ಬಾಗಿಲಲ್ಲಿ ಅದು ಹರಿಯುತ್ತಿದೆ.

ನಮ್ಮ ಹೋಬಳಿಗೆ ಪಡುವಲ ದಿಕ್ಕಿನಲ್ಲಿ ವೈಟ್‌ಫೀಲ್ಡ್ ಇದೆ. 1882ರಲ್ಲಿ ಮೈಸೂರಿನ ಹತ್ತನೇ ಚಾಮರಾಜ ಒಡೆಯರು ಯುರೇಷಿಯನ್ನರ ಮತ್ತು ಆಂಗ್ಲೋ ಇಂಡಿಯನ್ನರ ಸಂಘಕ್ಕೆ ಅಲ್ಲಿ ನೆಲ ಕೊಟ್ಟರು. ಸಂಘದ ಮುಂದಾಳು ಡಿ.ಎಸ್. ವೈಟ್ ಅವರ ಹೆಸರು ಊರಿಗೆ ನಿಂತಿತು. ಆಂಗ್ಲೋ ಇಂಡಿಯನ್ನರಿಗೆ ಇಂಗ್ಲಿಷೇ ಮನೆಮಾತು, ತಾಯಿನುಡಿ. ಆದರೂ ಅವರ ಧಾಟಿಗೆ ಬಿಳಿಯ ಸಾಹೇಬರು 'ಛೀ ಛೀ ಇಂಗ್ಲಿಷ್' ಅಂತ ಹೆಸರಿಟ್ಟು ನಕ್ಕರು. ತಾಯಿ ಕಲಿಸಿದ ಮಾತೂ ತಪ್ಪಾಗುವುದಾದರೆ, ತಪ್ಪು ಇರೋದು ಮಾತಿನಲ್ಲೋ, ಚರ್ಮದ ಬಣ್ಣ ನೋಡುವ ಕಣ್ಣಿನಲ್ಲೋ?

ಅದೇ ವೈಟ್‌ಫೀಲ್ಡಿನಲ್ಲಿ ಈಗ ಗಾಜಿನ ಕಟ್ಟಡಗಳು. ಬೆಳಗಾದರೆ ಹೊಸಕೋಟೆ ಕಡೆಯ ಹಳ್ಳಿಗಳಿಂದ ಕಸ ಗುಡಿಸುವವರು, ಕಾವಲಿನವರು, ಡ್ರೈವರುಗಳು ಆ ಕಡೆ ಹೊರಡುತ್ತಾರೆ. 2000ದ ಈಚೆಗೆ ಬೆಂಗಳೂರಿನಲ್ಲಿ ಕಾಲ್ ಸೆಂಟರುಗಳು ಬಂದಾಗ ಹುಡುಗ ಹುಡುಗಿಯರಿಗೆ ವಾರಗಟ್ಟಲೆ ಉಚ್ಚಾರದ ತರಬೇತಿ ಕೊಟ್ಟರು. ಊರಿನ ಧಾಟಿ ಅಳಿಸುವುದೇ ಅದರ ಗುರಿ. ಎಷ್ಟೋ ಕಡೆ ಹೆಸರನ್ನೂ ಬದಲಿಸಿದರು. ಹಗಲು ಲಕ್ಷ್ಮಿ, ರಾತ್ರಿ ಲಿಸಾ. ಈಗ ಅದೂ ಬೇಡವಾಗಿದೆ. ಫೋನಿನಲ್ಲಿ ಮಾತಾಡುತ್ತಿರುವಾಗಲೇ ನಮ್ಮವರ ಧಾಟಿಯನ್ನು ಅಮೆರಿಕದ ಧಾಟಿಗೆ ತಿರುಗಿಸುವ ಕಂಪ್ಯೂಟರ್ ತಂತ್ರ ಬಂದಿದೆ. 2022ರಲ್ಲಿ ಅದರ ಬಗ್ಗೆ ಜಗತ್ತಿನ ಪತ್ರಿಕೆಗಳಲ್ಲಿ ಚರ್ಚೆ ಆಯಿತು. ಕೆಲಸಗಾರರನ್ನು ಬೈಗುಳದಿಂದ ಕಾಪಾಡಲು ಇದು ಅನ್ನೋದು ಮಾಡಿದವರ ವಾದ. ಬೈಯುವವನ ಬಾಯಿ ತೊಳೆಯುವ ಯಂತ್ರ ಯಾಕೆ ಬರಲಿಲ್ಲ ಅಂತ ನಾವು ಕೇಳುತ್ತೇವೆ. ಹಿಂದೆ ಮುಟ್ಟಿದ ಪಾತ್ರೆಗೆ ನೀರು ಚಿಮುಕಿಸಿ ಒಳಗೆ ತಗೊಳ್ಳುತ್ತಿದ್ದರು. ಈಗ ಗಂಟಲಿಗೆ ಚಿಮುಕಿಸಿ ತಗೊಳ್ಳುತ್ತಾರೆ. ದುಡಿಮೆ ಬೇಕು, ದುಡಿಯುವವನ ದನಿ ಬೇಡ.

ಇಷ್ಟು ಹೇಳಿದ ಕೂಡಲೇ, ಹಾಗಾದರೆ ಇಂಗ್ಲಿಷ್ ಬೇಡ ಅನ್ನಿ, ತಾಯಿನುಡಿಯಲ್ಲೇ ಇರಿ ಅಂತ ಉಪದೇಶ ಮಾಡುವವರು ಬರುತ್ತಾರೆ. ಅವರ ಮಕ್ಕಳು ಎಲ್ಲಿ ಓದುತ್ತಿದ್ದಾರೆ ಅಂತ ಮೊದಲು ಕೇಳಬೇಕು. 1973ರಲ್ಲಿ ಮೈಸೂರಿನಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ ಅಂದದ್ದಕ್ಕೆ ಏನಾಯಿತು ನೆನಪಿದೆಯೇ? ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು. ಅವರ ಮಂತ್ರಿ ಪದವಿ ಹೋಯಿತು. ಇಂಗ್ಲಿಷ್ ಕಲಿಯಿರಿ ಅನ್ನೋದು ಅವರ ಮಾತಿನ ಇನ್ನೊಂದು ಮುಖವಾಗಿತ್ತು. ಆ ಏಟು ತಿಂದ ನೆನಪಿನಿಂದಲೇ ನಮ್ಮ ಚಳವಳಿ ಬೆಳೆಯಿತು. ಇಂಗ್ಲಿಷ್ ನಮಗೆ ಬೇಕು. ಅಂಬೇಡ್ಕರ್ ಅದನ್ನು ಹಿಡಿದೇ ಹೊರಗಿನ ಜಗತ್ತಿನ ಮುಂದೆ ನಮ್ಮ ಲೆಕ್ಕ ಬಿಚ್ಚಿಟ್ಟರು. 1950ರ ದಶಕದಲ್ಲಿ ಅವರು ಬಿ.ಬಿ.ಸಿ.ಗೆ ಕೊಟ್ಟ ಸಂದರ್ಶನದ ಧ್ವನಿ ಇವತ್ತಿಗೂ ಸಿಗುತ್ತದೆ. ಕೇಳಿ. ಕೊಲಂಬಿಯಾದಲ್ಲಿ, ಲಂಡನ್ನಿನಲ್ಲಿ ಓದಿ ಬಂದ ಮನುಷ್ಯ. ಆದರೂ ಅದು ಸಾಹೇಬರ ಧಾಟಿ ಅಲ್ಲ. ಈ ನೆಲದ ಧಾಟಿ. ಅವರು ಹೇಳಿದ್ದು ಅರ್ಥವಾಗಲಿಲ್ಲ ಅಂತ ಯಾರೂ ತಪ್ಪಿಸಿಕೊಳ್ಳುವ ಹಾಗಿಲ್ಲ.

ಆದ್ದರಿಂದ ಇಂಗ್ಲಿಷ್ ಬೇರೆ, ಇಂಗ್ಲಿಷಿನ ಮಡಿ ಬೇರೆ. ಇವೆರಡನ್ನೂ ನಾವು ಬಿಡಿಸಿ ನೋಡಬೇಕು. ಮೊದಲನೆಯದು ನಮ್ಮ ಹಕ್ಕು. ಎರಡನೆಯದು ಹೊಸ ಅಗ್ರಹಾರದ ಬಾಗಿಲು. 2019ರಲ್ಲಿ ರಾಜ್ಯದ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿ ತೆರೆದಾಗ ಹಳ್ಳಿಯ ತಂದೆತಾಯಿಗಳು ಸಾಲುಗಟ್ಟಿ ಮಕ್ಕಳನ್ನು ಸೇರಿಸಿದರು. ಬಾಗಿಲು ತೆರೆಯುತ್ತಿದ್ದ ಹಾಗೇ ಒಳಗಿದ್ದವರು ಹೊಸಿಲು ಎತ್ತರಿಸುತ್ತಾರೆ. ಇಂಗ್ಲಿಷ್ ಬರುತ್ತದೆಯೇ ಅಂತ ಕೇಳುತ್ತಿದ್ದವರು ಈಗ ಯಾವ ಧಾಟಿಯಲ್ಲಿ ಬರುತ್ತದೆ ಅಂತ ಕೇಳುತ್ತಾರೆ. ಕಾನ್ವೆಂಟಿನದೋ, ಕೇರಿಯದೋ?

ಇನ್ನು ಒಂದು ನ್ಯಾಯವಾದ ಆಕ್ಷೇಪ ಉಳಿದಿದೆ. ಅದನ್ನು ಎತ್ತಿದವರು ನಮ್ಮವರೇ ಆದ ಒಬ್ಬ ಮೇಷ್ಟ್ರು. "ನೀವೇನೋ ಬರೆದು ಹೋಗ್ತೀರಿ. ನಾಳೆ ಆ ಹುಡುಗಿ ಕೆಲಸಕ್ಕೆ ನಿಂತಾಗ 'ಇಲ್' ಅಂದರೆ ಬೆಟ್ಟವೋ ಕಾಯಿಲೆಯೋ ಅಂತ ಕೇಳ್ತಾರೆ. 'ಏರ್' ಅಂದರೆ ಕೂದಲೋ ಗಾಳಿಯೋ? ತಿದ್ದದೆ ಬಿಟ್ಟರೆ ಅದು ಪ್ರೀತಿಯೋ, ಮೋಸವೋ?" ಈ ಮಾತನ್ನು ತಳ್ಳಿಹಾಕುವಂತಿಲ್ಲ. ಮಗುವಿಗೆ ಹಕಾರ ಕಲಿಸಬೇಕು. ಅರ್ಥ ಕೆಡುವ ಕಡೆ ತಿದ್ದಲೇಬೇಕು. ಆದರೆ ಸೈಕಲ್ ಕಲಿಸುವ ಹಾಗೆ ಕಲಿಸಬೇಕು, ಪಾಪ ತೊಳೆಯುವ ಹಾಗೆ ಅಲ್ಲ. ಬಿದ್ದ ಮಗುವನ್ನು ನೋಡಿ ಸೈಕಲ್ ಕಲಿಸುವವನು ನಗುವುದಿಲ್ಲ, ಹಿಂದಿನಿಂದ ಹಿಡಿದುಕೊಳ್ಳುತ್ತಾನೆ. "ಇದು ನಿನ್ನ ಮನೆಯ ಧಾಟಿ, ಇದು ಆಫೀಸಿನ ಧಾಟಿ. ಎರಡೂ ನಿನ್ನ ಕೈಲಿರಲಿ" ಅಂತ ಹೇಳುವುದಕ್ಕೂ, "ನಿನ್ನ ನಾಲಿಗೆಯೇ ಸರಿಯಿಲ್ಲ" ಅನ್ನುವುದಕ್ಕೂ ಭೂಮಿ ಆಕಾಶದ ಅಂತರ. ಮೊದಲನೆಯದು ವಿದ್ಯೆ. ಎರಡನೆಯದು ಜಾತಿ.

ಜೊತೆಗೆ ಇನ್ನೊಂದು ಮಾತು. ಅರ್ಥ ಅನ್ನೋದು ಆಡುವವನೊಬ್ಬನ ಹೊಣೆ ಅಲ್ಲ. ಕೇಳುವವನದೂ ಅರ್ಧ ಇದೆ. ಬಂಗಾಳಿ 'ವ' ಬದಲು 'ಭ' ಅಂದಾಗ, ನಾವು 'ಎಗ್'ಗೆ ಯಕಾರ ಹಚ್ಚಿ 'ಯೆಗ್' ಅಂದಾಗ, 'ಓನ್ಲಿ'ಯನ್ನು 'ವೋನ್ಲಿ' ಮಾಡಿದಾಗ, ಸುತ್ತಲ ಮಾತಿನಿಂದ ಅರ್ಥ ತಿಳಿದೇ ತಿಳಿಯುತ್ತದೆ. ತಿಳಿಯುವ ಮನಸ್ಸು ಬೇಕಷ್ಟೆ. ಬಿಳಿಯ ಸಾಹೇಬ ಗುಳುಗುಳು ಅಂದಾಗ ನಾವು ಕಿವಿ ನಿಗುರಿಸಿ, ಮತ್ತೆ ಕೇಳಿ, ತಪ್ಪು ನಮ್ಮದೇ ಅಂದುಕೊಂಡು ಅರ್ಥ ಮಾಡಿಕೊಳ್ಳುತ್ತೇವೆ. ಅಷ್ಟು ಶ್ರಮವನ್ನು ನಮ್ಮ ಹುಡುಗಿಗಾಗಿ ಯಾರು ಪಟ್ಟಿದ್ದಾರೆ? ಅರ್ಥ ಮಾಡಿಕೊಳ್ಳುವ ಹೊರೆ ಯಾವಾಗಲೂ ಕೆಳಗಿನವರ ತಲೆ ಮೇಲೇ ಇರುತ್ತದೆ. ನಮ್ಮ ನೀತಿ ಇದನ್ನು ತಿರುಗಿಸಬೇಕು. ಯಾರು ಎತ್ತರದಲ್ಲಿ ಕೂತಿದ್ದಾರೋ ಅವರ ಕಿವಿ ಹೆಚ್ಚು ಬಗ್ಗಬೇಕು. ಪರೀಕ್ಷೆ ಮಾಡುವವನು ಮಾತಾಡುವವನ ನಾಲಿಗೆಯನ್ನು ಅಳೆಯುವ ಮೊದಲು ತನ್ನ ಕಿವಿಯನ್ನು ಅಳೆದುಕೊಳ್ಳಬೇಕು.

ಈ ಕೋಲನ್ನು ನಮ್ಮ ಮೇಲೂ ಇಟ್ಟುಕೊಳ್ಳೋಣ. ನಮ್ಮ ಸೀಮೆಯಲ್ಲಿ ಎಷ್ಟೋ ಮನೆಗಳಲ್ಲಿ ತೆಲುಗು ಆಡುತ್ತಾರೆ, ಉರ್ದು ಆಡುತ್ತಾರೆ, ತಮಿಳು ಆಡುತ್ತಾರೆ. ಆ ಮನೆಗಳವರ ಕನ್ನಡ ಕೇಳಿ ನಮ್ಮ ಸಭೆಗಳಲ್ಲೇ ನಗು ಎದ್ದದ್ದಿಲ್ಲವೇ? ಸಾಬರ ಕನ್ನಡವನ್ನು ಅಣಕಿಸಿ ನಮ್ಮ ನಾಟಕಗಳಲ್ಲೇ ಚಪ್ಪಾಳೆ ಬಿದ್ದದ್ದಿಲ್ಲವೇ? ಧಾರವಾಡದ ಗೆಳೆಯ ಮಾತಾಡಿದರೆ ನಾವು, ನಾವು ಮಾತಾಡಿದರೆ ಅವನು. ವೇದಿಕೆ ಹತ್ತಿದ ಕೂಡಲೇ ಹಕಾರ, ಶಕಾರ, ಮಹಾಪ್ರಾಣಗಳನ್ನು ಬೂಟು ಪಾಲಿಶ್ ಮಾಡಿದ ಹಾಗೆ ಮಿಂಚಿಸುವ ಚಟ ನಮ್ಮಲ್ಲೂ ಇದೆ. ನಮ್ಮಲ್ಲಿ ಒಬ್ಬರು ಆ ದಿನ ಬಸ್ಸಿನಲ್ಲಿ ಹೇಳಿದರು: "ಹಾಸ್ಟೆಲಿನಿಂದ ರಜಕ್ಕೆ ಬಂದಾಗ ಅವ್ವ 'ಆಲು ಕುಡಿ ಮಗ' ಅಂದಳು. 'ಆಲಲ್ಲ, ಹಾಲು' ಅಂದೆ. ಅವಳು ಲೋಟ ಇಟ್ಟು ಸುಮ್ಮನೆ ಒಳಗೆ ಹೋದಳು." ಅದನ್ನು ಹೇಳಿ ಅವರು ಕಿಟಕಿಯ ಕಡೆ ತಿರುಗಿದರು. ನಾವು ಯಾರೂ ಮಾತಾಡಲಿಲ್ಲ.

'ಮಾಸ್ಟರ್' ಎಂಬ ಮಾತು ನಮ್ಮ ಹಳ್ಳಿಗಳ ಬಾಯಲ್ಲಿ ತಿರುಗಿ ತಿರುಗಿ 'ಮೇಷ್ಟ್ರು' ಆಯಿತು. ಯಾವ ಸಾಹೇಬನೂ ಅದನ್ನು ಒಪ್ಪಲಿಲ್ಲ, ನಾವೂ ಯಾರನ್ನೂ ಒಪ್ಪಿಗೆ ಕೇಳಲಿಲ್ಲ. ಇವತ್ತು ಆ ಮಾತಿನಲ್ಲಿ ಇರುವ ಗೌರವ ಮೂಲದ ಮಾತಿನಲ್ಲೂ ಇಲ್ಲ. ನಮ್ಮ ಜನರ ನಾಲಿಗೆಗೆ ಆ ಶಕ್ತಿ ಇದೆ. ಮೇಷ್ಟ್ರುಗಳೇ, ಆ ನಾಲಿಗೆಯಿಂದ ಹೆಸರು ಪಡೆದವರು ನೀವು. ಮೊದಲು ಅದರ ಪಕ್ಕ ನಿಲ್ಲಬೇಕಾದವರೂ ನೀವೇ.

ಎರಡು ತಿಂಗಳು ಬಿಟ್ಟು ನಾವು ಮತ್ತೆ ಆ ಶಾಲೆಗೆ ಹೋದೆವು. ಮೇಷ್ಟ್ರು ಮಕ್ಕಳ ಮುಂದೆ ತಮ್ಮ ತಪ್ಪು ಒಪ್ಪಿಕೊಂಡಿದ್ದರು. ಲಂಡನ್ನಿನ ಹಮಾಲರ ಕಥೆಯನ್ನೂ ಹೇಳಿದ್ದರು. ಈಗ ಆ ಕ್ಲಾಸಿನಲ್ಲಿ ಯಾರೂ ನಗುವುದಿಲ್ಲ. ಹುಡುಗಿ ಬೋರ್ಡಿನ ಮೇಲೆ ಎಲ್ಲ ಉತ್ತರಗಳನ್ನೂ ಚೊಕ್ಕವಾಗಿ ಬರೆದಳು. ಓದಮ್ಮ ಅಂದೆವು. ತಲೆ ಅಲ್ಲಾಡಿಸಿದಳು. ಅವಳು ಇನ್ನೂ ಗಟ್ಟಿಯಾಗಿ ಓದುವುದಿಲ್ಲ. ಆ ಬಾಕಿ ನಮ್ಮ ಮೇಲಿದೆ.